ಹದಿನೇಳನೆಯ ಕೋಣೆ

ಆ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳಿಗೆ ಹುಡುಗರು ಇಟ್ಟ ಹೆಸರು ‘ಬೀಗದ ಮೇಡಂ’. ಲ್ಯಾಬಿನ ಬೀಗದ ಕೈ ಅವಳ ಹತ್ತಿರ ಇರುವುದಕ್ಕಲ್ಲ, ಬಾಯಿಗೇ ಬೀಗ ಜಡಿದುಕೊಂಡಿರುವುದಕ್ಕೆ. ಪ್ರೋಗ್ರಾಂ ಓಡುತ್ತಿಲ್ಲವೆಂದು ಯಾರಾದರೂ ಗೋಗರೆದರೆ ಪಕ್ಕದಲ್ಲಿ ಬಂದು ಕೂರುತ್ತಾಳೆ, ನೋಡುತ್ತಾಳೆ, ತಪ್ಪು ಎಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ. “ನೀನೇ ಹುಡುಕು, ನಿಂಗೇ ಸಿಗುತ್ತೆ” ಎನ್ನುವುದೊಂದೇ ಮಾತು.

ಈ ಚಾಳಿ ನಿನ್ನೆ ಮೊನ್ನೆಯದಲ್ಲ. ಹದಿನಾಲ್ಕು ವರ್ಷದ ಹಿಂದೆ ಇದೇ ಲ್ಯಾಬಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ನಾಲ್ಕು ಜನ ಸೇರಿ ಒಂದು ಒಗಟಿನ ಆಟ ಮಾಡಿದ್ದರು. ಚಿತ್ರಕ್ಕೊಬ್ಬ, ಸದ್ದಿಗೊಬ್ಬಳು, ಪ್ರೋಗ್ರಾಂ ಬರೆಯಲು ಗಡ್ಡ, ಒಗಟು ಕಟ್ಟಲು ಇವಳು. ಗಡ್ಡನಿಗೆ ಆಗ ಗಲ್ಲದ ಮೇಲೆ ಎಣಿಸಿದರೆ ಹನ್ನೆರಡು ಕೂದಲು. ಅಷ್ಟನ್ನೇ ಜಂಬದಿಂದ ಸವರಿಕೊಂಡು ಓಡಾಡುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಆಟ ಇಷ್ಟೇ: ಆಡುವವರ ಕೈಯಲ್ಲೊಂದು ದೀಪ. ಅದರ ಬೆಳಕಿಗೆ ಎಲ್ಲಿ ನೆರಳು ಬೀಳುತ್ತದೋ ಆ ನೆರಳಿನ ಮೇಲೆ ನಡೆಯಬಹುದು. ಹಾಗೆ ನಡೆದು ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಬೇಕು. ಯಾರು ಬೇಕಾದರೂ ಪುಕ್ಕಟೆ ಆಡಿಕೊಳ್ಳಲಿ ಎಂದು ಕಾಲೇಜಿನ ವೆಬ್‌ಸೈಟಿಗೆ ಹಾಕುವುದೆಂದು ಮಾತಾಗಿತ್ತು.

ನಾಲ್ವರಿಗೂ ಒಂದು ಕಟ್ಟುಪಾಡಿತ್ತು. ಕೋಣೆ ಕಟ್ಟಿದವರು ಆಡಿ ನೋಡುವವರ ಮುಂದೆ ತುಟಿ ಬಿಚ್ಚಬಾರದು. ಆಡಿದವರೂ ಬಾಯಲ್ಲಿ ಏನೂ ಹೇಳಬಾರದು, ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಕಟ್ಟಿದವರು ಅದನ್ನು ಓದಿ ಕೆಳಗೆ ಸಹಿ ಹಾಕಬೇಕು. ಸಹಿ ಬೀಳುವ ತನಕ ಆ ಕೋಣೆಯ ಸುದ್ದಿ ಎತ್ತುವಂತಿಲ್ಲ. ಎರಡು ಸಲ ಮಾತಿಗೆ ಮಾತು ಬೆಳೆದು ಹದಿನೈದು ದಿನ ಮುಖ ತಿರುಗಿಸಿಕೊಂಡು ಓಡಾಡಿದ್ದರು ನೋಡಿ, ಅದಕ್ಕೇ ಈ ಕಾಯಿದೆ.

ಹದಿನಾರು ಕೋಣೆ ಮುಗಿಯುವಷ್ಟರಲ್ಲಿ ಇವಳಿಗೆ ಗಡ್ಡನ ಮೇಲೆ ಮನಸ್ಸಾಗಿತ್ತು. ಹೇಳೋಣವೆಂದರೆ ನಾಲಿಗೆ ಏಳದು. ಬಾಯಲ್ಲಿ ಆಗದ್ದನ್ನು ಕೈಯಲ್ಲಿ ಮಾಡಿದಳು. ಯಾರಿಗೂ ಹೇಳದೆ ಹದಿನೇಳನೆಯ ಕೋಣೆ ಕಟ್ಟಿದಳು. ದೀಪ ಬಿಟ್ಟರೆ ಕೆಟ್ಟೆ ಎಂದು ಹಿಂದಿನ ಹದಿನಾರೂ ಕೋಣೆಗಳು ಕಲಿಸಿದ್ದವು. ಇಲ್ಲಿ ಮಾತ್ರ ದೀಪವನ್ನು ನೆಲಕ್ಕಿಟ್ಟು, ಅದಕ್ಕೆ ಬೆನ್ನು ಮಾಡಿ, ತನ್ನದೇ ನೆರಳಿನ ಮೇಲೆ ನಡೆದು ಹೋಗಬೇಕು. ಆ ಕೊನೆಗೆ ಇಬ್ಬರು ಕೂರುವ ಒಂದು ಬೆಂಚು. ಗೋಡೆಯ ಮೇಲೆ ಒಂದು ಸಾಲು: ‘ಗಡ್ಡ, ಜೀವನ ಪೂರ್ತಿ ಪಕ್ಕದಲ್ಲಿ ಕೂರ್ತೀಯಾ?’

ಶನಿವಾರ ಇಡೀ ಆಟವನ್ನು ಕೊನೆಯ ಸಲ ಅವನೊಬ್ಬನೇ ಕೂತು ಆಡಿ ನೋಡುವುದೆಂದಾಯಿತು. ಸೋಮವಾರ ಬೆಳಿಗ್ಗೆ ಓಡಿ ಬಂದರೆ ಆಟ ಆಗಲೇ ವೆಬ್‌ಸೈಟಿಗೆ ಹೋಗಿತ್ತು. ಪರದೆಯ ಮೇಲೆ ‘ಒಟ್ಟು ಕೋಣೆಗಳು: ಹದಿನಾರು’ ಎಂದಿತ್ತು.

ಹದಿನಾರು! ಇವಳ ಕೋಣೆಯನ್ನು ಕಿತ್ತು ಹಾಕಿದ್ದ. ಅಷ್ಟು ಕಂಡದ್ದೇ ತಡ, ಕಿವಿ ಎಲ್ಲ ಬಿಸಿಯಾಯಿತು. ಮೇಜಿನ ಮೇಲೆ ನೀಲಿ ನೋಟ್‌ಬುಕ್ ಇತ್ತು. ಗಡ್ಡ ಕಿಟಕಿಯ ಹತ್ತಿರ ನಿಂತು ಒಮ್ಮೆ ಅದನ್ನೂ ಒಮ್ಮೆ ಇವಳನ್ನೂ ನೋಡುತ್ತಿದ್ದ. ಕಾಯಿದೆ ಕಾಯಿದೆಯೇ, ಬಾಯಿ ಬಿಡಲಿಲ್ಲ ಮಹರಾಯ. ಒಲ್ಲೆ ಅನ್ನುವುದನ್ನು ನಯವಾಗಿ ಬರೆದಿರುತ್ತಾನೆ, ಆದ ಅವಮಾನ ಸಾಲದೆಂದು ಅದನ್ನು ಬೇರೆ ಓದಬೇಕೇ ಎಂದುಕೊಂಡಳು. ನೋಟ್‌ಬುಕ್ ಎತ್ತಿ ಎದೆಗವಚಿಕೊಂಡು ಹೊರಗೆ ಹೋದಳು. ಸಂಜೆ ಲ್ಯಾಬ್ ಖಾಲಿಯಾದ ಮೇಲೆ ಬಂದು ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿ, ಹಾಳಾದ ಕೀಬೋರ್ಡುಗಳ ಹಿಂದೆ ತುರುಕಿದಳು. ಪುಟ ತೆರೆಯಲಿಲ್ಲ.

ಆಟ ಕಾಡುಕಿಚ್ಚಿನ ಹಾಗೆ ಹಬ್ಬಿತು. ತಿಂಗಳೊಳಗೆ ದೊಡ್ಡ ಕಂಪನಿಯೊಂದು ನಾಲ್ವರನ್ನೂ ಕರೆಯಿತು, ಇದನ್ನೇ ದೊಡ್ಡದಾಗಿ ಮಾಡೋಣ ಬನ್ನಿ ಎಂದು. ಇವಳು ಅಮ್ಮನಿಗೆ ಹುಷಾರಿಲ್ಲ, ಬರುವುದಿಲ್ಲ ಎಂದಳು. ಅಮ್ಮನೋ ಗುಂಡುಕಲ್ಲಿನ ಹಾಗಿದ್ದಳು.

“ನಂಗೇನೇ ಬಂದಿರೋದು ರೋಗ?” ಎಂದು ಅಮ್ಮ ಹೌಹಾರಿದಳು. “ಮನೆ ಬಾಗಿಲಿಗೆ ಬಂದ ಅದೃಷ್ಟನ ಒದೀತೀಯಲ್ಲೇ, ತಲೆ ನೆಟ್ಟಗಿದೆಯಾ ನಿಂಗೆ?”

“ಸುಮ್ನಿರಮ್ಮ” ಎಂದಳು, ಅಷ್ಟೇ.

ಹೊರಡುವ ದಿನ ಗಡ್ಡ ಬಸ್ಸಿನ ಬಾಗಿಲಲ್ಲಿ ನಿಂತು ಕೇಳಿದ, “ಏನೂ ಹೇಳಲ್ವಾ?”

“ಏನಿದೆ ಹೇಳೋಕೆ? ಹೋಗ್ಬಾ.”

ಅವನು ತಲೆಯಾಡಿಸಿ ಒಳಗೆ ಹೋಗಿ ಕೂತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಆಡದೆ ಉಳಿದ ಮಾತಿಗೆ ಒಂದು ಗಾದೆ ಕಟ್ಟುವ ಬುದ್ಧಿ ನಮ್ಮ ಹಿರಿಯರಿಗೆ ಬರಲಿಲ್ಲವಲ್ಲ!

ಎರಡು ವರ್ಷ ಕಳೆದ ಮೇಲೆ ಅದೇ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಬಂದ ಗಂಡುಗಳಿಗೆಲ್ಲ ಒಂದೊಂದು ಹೆಸರಿಟ್ಟು ವಾಪಸ್ಸು ಕಳಿಸಿದಳು. ಅಣ್ಣ ಅತ್ತಿಗೆ ಹೇಳಿ ಹೇಳಿ ಸುಸ್ತಾದರು. ಕಂಪನಿಯ ಆಟ ಹೊರಬಂದು ಲಕ್ಷಾಂತರ ಜನರ ಮನೆ ಸೇರಿತು. ಇವಳು ಅದನ್ನು ಮುಟ್ಟಿ ನೋಡಲಿಲ್ಲ. ಗಡ್ಡನಿಗೆ ಮದುವೆಯಾಯಿತು, ಮಗಳು ಹುಟ್ಟಿದಳು. ಆ ಸುದ್ದಿ ಬಂದ ದಿನ ಇವಳು ಲ್ಯಾಬಿನ ಎಲ್ಲ ಮೌಸುಗಳನ್ನು ಬಿಚ್ಚಿ ಒರೆಸಿದಳು. ಬೀರುವಿನ ಕೆಳಗಿನ ಅರೆಗೆ ಮಾತ್ರ ಎಂದೂ ಕೈ ಹಾಕಲಿಲ್ಲ.

ಈ ವರ್ಷ ಮೊದಲ ಬೆಂಚಿನ ಬಾಯಿಬಡುಕಿಯೊಬ್ಬಳು ಕಂಪನಿಯ ಆ ಆಟದ ಹುಚ್ಚು ಹತ್ತಿಸಿಕೊಂಡಿದ್ದಳು. “ಮೇಡಂ, ಇಲ್ಲಿ ನೋಡಿ. ಎಲ್ಲಾ ಮುಗಿದ ಮೇಲೆ ಕೊನೇಲಿ ಒಂದು ಬೆಂಚು ಬರುತ್ತೆ. ಹೋಗಿ ಕೂತ್ರೆ ಏನೂ ಆಗಲ್ಲ. ಪಕ್ಕದ ಜಾಗ ಖಾಲಿ. ನಾವಾಗಿ ಎದ್ದು ಬರೋ ತನಕ ಆಟ ಮುಗಿಯೋದೇ ಇಲ್ಲ. ಯಾಕೆ ಮೇಡಂ ಹಾಗೆ?”

ಪರದೆಯ ಮೇಲೆ ಅದೇ ಕೋಣೆ, ಅದೇ ಬೆಂಚು. ಗೋಡೆಯ ಮೇಲಿನ ಸಾಲು ಮಾತ್ರ ಇಲ್ಲ. ಬೇಡ ಎಂದು ಕಿತ್ತೆಸೆದು ಆಮೇಲೆ ಕದ್ದಿದ್ದಾನೆ, ಕಳ್ಳ ನನ್ಮಗ ಎಂದು ಮೈ ಉರಿದು ಹೋಯಿತು. “ಮಾಡಿದವರನ್ನ ಕೇಳು ಹೋಗು” ಎಂದು ಗದರಿದಳು.

ಅದಾದ ವಾರಕ್ಕೆ ಲ್ಯಾಬನ್ನು ಮೇಲಿನ ಮಹಡಿಗೆ ಸಾಗಿಸಲು ಆದೇಶ ಬಂತು. ಬೀರು ಖಾಲಿ ಮಾಡಲೇಬೇಕಾಯಿತು. ಮಧ್ಯಾಹ್ನ ಒಬ್ಬಳೇ ನೆಲದ ಮೇಲೆ ಕೂತು ಕೀಬೋರ್ಡುಗಳನ್ನು ಎಳೆದು ಹಾಕಿದಳು. ನೀಲಿ ರಟ್ಟು ಧೂಳು ಹಿಡಿದು ಬೆಳ್ಳಗಾಗಿತ್ತು. ಅವನನ್ನು ಇನ್ನೊಮ್ಮೆ ಬೈಯಲು ನೆಪ ಸಿಕ್ಕಲಿ ಎಂದೇ ಕೊನೆಯ ಪುಟ ತೆರೆದಳು.

‘ಕೋಣೆ ಹದಿನೇಳು. ಹಿಡಿದ ಸಮಯ: ಮೂರು ಗಂಟೆ ಇಪ್ಪತ್ತು ನಿಮಿಷ. ದೀಪ ಬಿಡೋಕೆ ಧೈರ್ಯ ಬರಲಿಲ್ಲ, ಅದಕ್ಕೇ ತಡ. ಬೆಂಚಲ್ಲಿ ಕೂತೆ. ನಿನ್ನ ಪ್ರಶ್ನೆಗೆ ನನ್ನ ಉತ್ತರ ಹೂಂ. ನೂರು ಸಲ ಹೂಂ. ಇದು ಊರವರಿಗೆಲ್ಲ ತೋರಿಸೋ ಕೋಣೆ ಅಲ್ಲ, ನಮ್ಮಿಬ್ಬರದೇ ಇರಲಿ ಅಂತ ಆಟದಿಂದ ತೆಗೀತಾ ಇದ್ದೀನಿ. ನೀನು ಓದಿ ಸಹಿ ಹಾಕು, ಆಮೇಲೆ ಮಾತಾಡೋಣ. ಹಾಕದಿದ್ದರೆ ನಿನ್ನ ಮನಸ್ಸು ಬದಲಾಗಿದೆ ಅಂದ್ಕೊಂಡು ಸುಮ್ಮನಾಗ್ತೀನಿ.’

ಕೆಳಗೆ ಸಹಿಯ ಗೆರೆ ಖಾಲಿ ಇತ್ತು.

ನೋಟ್‌ಬುಕ್ಕನ್ನು ಅವಳು ಎತ್ತಿಕೊಂಡು ಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಓದಿಯೂ ಸಹಿ ಹಾಕಲಿಲ್ಲವೆಂದು ತಿಳಿದು ಬಸ್ಸು ಹತ್ತಿದ್ದ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಅವಳು ಅತ್ತಳು. ಸಣ್ಣಗೆಲ್ಲ ಅಲ್ಲ, ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಒಮ್ಮೆ ಪೆನ್ನೂ ತೆಗೆದಳು. ಅವನ ಹೆಂಡತಿ, ಅವನ ಮಗಳು ಕಣ್ಣ ಮುಂದೆ ಬಂದರು. ಅವರೇನು ತಪ್ಪು ಮಾಡಿದ್ದಾರೆ? ಪೆನ್ನಿನ ಮುಚ್ಚಳ ಹಾಕಿ, ನೋಟ್‌ಬುಕ್ಕನ್ನು ತನ್ನ ಚೀಲಕ್ಕೆ ಸೇರಿಸಿದಳು.

ಮರುದಿನ ಮೇಲಿನ ಮಹಡಿಯಲ್ಲಿ ಬಾಯಿಬಡುಕಿ ಮತ್ತೆ ಅದೇ ಬೆಂಚಿನ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದಳು. ಮೇಡಂ ಹೋಗಿ ಪಕ್ಕದಲ್ಲಿ ಕೂತಳು.

“ಆ ಖಾಲಿ ಜಾಗ ನಂದು ಕಣಮ್ಮ” ಎಂದಳು. “ನನಗೋಸ್ಕರ ಕಾದಿದ್ದ. ನಾನೇ ಹೋಗಲಿಲ್ಲ.”

ಹುಡುಗಿ ಹೋ ಎಂದು ನಕ್ಕುಬಿಟ್ಟಳು. “ಹೋಗಿ ಮೇಡಂ, ತಮಾಷೆ ಮಾಡ್ಬೇಡಿ! ನೀವೆಲ್ಲಾದ್ರೂ ಉತ್ತರ ಹೇಳ್ತೀರಾ?” ಎಂದು ಪರದೆಯ ಕಡೆಗೆ ತಿರುಗಿಕೊಂಡಳು.