ಸುವಕ್ಕಿನ್ ಗುಂಡಿ ಒತ್ತಿದರೆ

ಸುವಕ್ಕಿನ್‌ಗೆ ಮಾತು ತೊದಲುತ್ತಿತ್ತು. ಅಲ್ಪಸ್ವಲ್ಪ ತೊದಲಲ್ಲ. ಪ, ಬ ಅಕ್ಷರಗಳು ಬಂದವೆಂದರೆ ಎರಡೂ ತುಟಿ ಬೀಗ ಹಾಕಿಕೊಳ್ಳುತ್ತಿದ್ದವು. ಕತ್ತಿನ ನರ ಉಬ್ಬಿ, ಕಣ್ಣು ಮುಚ್ಚಿ, ಕೇಳುವವನೇ ಆ ಮಾತನ್ನು ಮುಗಿಸಿಕೊಟ್ಟು ಪುಣ್ಯ ಕಟ್ಟಿಕೊಳ್ಳೋಣ ಎನ್ನುವಷ್ಟು ಹೊತ್ತಾಗುತ್ತಿತ್ತು. ಕನ್ಯಾಕುಮಾರಿಯ ಪಡುವಣ ತೀರದ ಆ ಊರಿನಲ್ಲಿ ಅವನು ಗಾಳದ ಹಗ್ಗ ಎಳೆಯುವವನಾಗಿದ್ದಷ್ಟು ಕಾಲ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ಮೀನಿಗೆ ಯಾರ ಮಾತೂ ಬೇಕಿಲ್ಲವಲ್ಲ.

ತೊಂದರೆ ಶುರುವಾದದ್ದು ದೋಣಿಯ ಯಜಮಾನ ಕಸ್ಪಾರ್ ಅವನ ಕೈಗೆ ಚುಕ್ಕಾಣಿ ಕೊಟ್ಟಾಗ. ನೀರಿನ ಬಣ್ಣ ನೋಡಿ ಸೆಳೆತ ಹೇಳುವವನು ಊರಿನಲ್ಲಿ ಅವನಂಥವನು ಇನ್ನೊಬ್ಬನಿರಲಿಲ್ಲ, ಅದಕ್ಕೇ ಕೊಟ್ಟ. ಆದರೆ ಚುಕ್ಕಾಣಿಯ ಪಕ್ಕದಲ್ಲೇ ವೈರ್‌ಲೆಸ್ ಇರುತ್ತದೆ. ಚುಕ್ಕಾಣಿ ಹಿಡಿದವನೇ ಅದರಲ್ಲಿ ಮಾತಾಡಬೇಕು.

ನಡುಗಡಲಿನಲ್ಲಿ ಊರಿನ ದೋಣಿಗಳಿಗೆಲ್ಲ ಸೇರಿ ಮಾತಿಗೆ ಇರುವುದು ವೈರ್‌ಲೆಸ್ಸಿನ ಒಂದೇ ದಾರಿ. ಅದಕ್ಕೆ ಒಡೆಯನಿಲ್ಲ. ಈಗ ನಿನ್ನ ಸರದಿ ಎಂದು ಹೇಳುವ ಮೇಷ್ಟರೂ ಇಲ್ಲ. ಮೊದಲು ಕಿವಿಗೊಡಬೇಕು, ಯಾರ ದನಿಯೂ ಇಲ್ಲದಿದ್ದರೆ ಗುಂಡಿ ಒತ್ತಿ ಮಾತಾಡಬೇಕು. ಇಬ್ಬರು ಒಟ್ಟಿಗೆ ಒತ್ತಿದರೆ ಕೇಳುವವನಿಗೆ ಬರೀ ಕೀರಲು. ಆಗ ಇಬ್ಬರೂ ಗುಂಡಿ ಬಿಟ್ಟು, ತಂತಮ್ಮ ದೋಣಿಯ ಸಂತರ ಜಪವನ್ನು ಮನಸ್ಸಿನಲ್ಲೇ ಒಂದು ಸಲ ಹೇಳಿ, ಮತ್ತೆ ಒತ್ತಬೇಕು. ಒಬ್ಬೊಬ್ಬ ಸಂತರದು ಒಂದೊಂದು ಉದ್ದದ ಜಪ, ಬೇಗ ಮುಗಿದವನ ಮಾತು ಮೊದಲು. ಚಿಕ್ಕ ಜಪದ ಸಂತರನ್ನು ಹುಡುಕಿ ದೋಣಿಗೆ ಹೆಸರಿಟ್ಟ ಜಾಣರೂ ಅಲ್ಲಿದ್ದಾರೆ.

ಸುವಕ್ಕಿನ್‌ನ ದೋಣಿ ಸಂತ ಅಂತೋಣಿಯಾರ ಹೆಸರಿನದು. ಅವನ ಓರಗೆಯ ಸಿಲುವೈ ಎಂಬವನ ದೋಣಿಯೂ ಅಂತೋಣಿಯಾರದೇ. ಇಬ್ಬರ ಮಾತು ಡಿಕ್ಕಿ ಹೊಡೆದರೆ ಇಬ್ಬರೂ ಒಂದೇ ಜಪ ಹೇಳಿ, ಒಂದೇ ಗಳಿಗೆಗೆ ಮುಗಿಸಿ, ಮತ್ತೆ ಡಿಕ್ಕಿ ಹೊಡೆಯುತ್ತಿದ್ದರು. ಯಾರಾದರೊಬ್ಬ ಕೊಂಚ ತಡೆದಿದ್ದರೆ ಮುಗಿಯುತ್ತಿತ್ತು. ತಡೆಯುವ ಜಾತಿಯವರೇ ಅಲ್ಲ ಇಬ್ಬರೂ.

ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಮಾತಿನ ನಡುವೆ ಸುವಕ್ಕಿನ್‌ನ ತುಟಿ ಕಟ್ಟಿಕೊಂಡರೆ, ಉಳಿದವರು ಇವನದು ಮುಗಿಯಿತೆಂದು ಬಾಯಿ ಹಾಕುತ್ತಿದ್ದರು. ಅದಕ್ಕೆ ಅವನೊಂದು ಉಪಾಯ ಮಾಡಿದ. ಮಾತು ಬರುವ ತನಕ ಗುಂಡಿಯನ್ನು ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಒತ್ತಿದಾಗ ಎಲ್ಲ ದೋಣಿಗಳಲ್ಲೂ ಟಿಕ್ ಎಂದು ಸದ್ದಾಗಿ ಮೌನ ಕವಿಯುತ್ತಿತ್ತು. ಆಗ ಬಾಯಿ ಹಾಕಿದರೆ ಇಬ್ಬರ ಮಾತೂ ಕೆಡುತ್ತದೆಂದು ಅನುಭವದಿಂದ ಗೊತ್ತಾಗಿ, ಎಲ್ಲರೂ ಬೈದುಕೊಂಡು ಕಾಯುವುದು ಕಲಿತರು. ಪ್ರೀತಿಯಿಂದ ಕಲಿತದ್ದಲ್ಲ.

ಸಿಲುವೈಯಂತೂ ಸಿಕ್ಕ ಸಂದಿನಲ್ಲೆಲ್ಲ, ಆ ತೀರದ ಸಲಿಗೆಯ ‘ಮಕ್ಕಾ’ ಸೇರಿಸಿ, ಚುಚ್ಚುತ್ತಿದ್ದ. “ಲೇ ಸುವಕ್ಕಿ, ಮಾತು ಸಿಕ್ಕಿದ್ಮೇಲೆ ಕೂಗು ಮಕ್ಕಾ. ಅಷ್ಟರಲ್ಲಿ ನಾನು ಮೀನು ಸಾರು ಕಾಯಿಸಿ ಉಂಡು ಬರ್ತೀನಿ.” ಅದನ್ನು ಕೇಳಿ ಕಡಲೆಲ್ಲ ನಗುತ್ತಿತ್ತು.

ದೂರುಗಳು ದಡ ಸೇರಿದವು. ಆ ಸಲ ದೋಣಿಗೆ ಮಂಜುಗಡ್ಡೆ ತುಂಬುತ್ತಿದ್ದಾಗ ಕಸ್ಪಾರ್ ಅವನನ್ನು ಪಕ್ಕಕ್ಕೆ ಕರೆದ. “ಕಡಲು ನಿನಗೆ ಗೊತ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಈ ಸಲವೂ ನೀನು ಗುಂಡಿ ಮೇಲೆ ಕೂತೆ ಅಂತ ದೂರು ಬಂದ್ರೆ ಚುಕ್ಕಾಣಿ ಬೇರೆಯವರಿಗೆ. ಬೇಜಾರು ಮಾಡ್ಕೋಬೇಡ.” ಸುವಕ್ಕಿನ್‌ನ ಹೆಂಡತಿ ಲೂರ್ದಮ್ಮಾಳ್ ಕಟ್ಟಿಕೊಟ್ಟ ಬುತ್ತಿಯ ಜತೆ ಒಂದು ಬುದ್ಧಿಮಾತನ್ನೂ ಕೊಟ್ಟಳು. ಬಾಯಿ ಬಿಡುವುದೇ ಬೇಡ, ಕಿವಿ ಮಾತ್ರ ಕೊಡು ಎಂದಳು. ಅವನು ಹಾಗೇ ಮಾಡಿದ. ಚುಕ್ಕಾಣಿ ಹೋದರೆ ಮತ್ತೆ ಹಗ್ಗ ಎಳೆಯುವುದು ಅವನಿಗೆ ಕಷ್ಟವಾಗಿರಲಿಲ್ಲ, ಆದರೆ ಒಂದು ಸಲ ಹಿಡಿದ ಚುಕ್ಕಾಣಿಯ ಆಸೆ ಕೈಬಿಡದು. ಅದು ಅವನ ಪಾಲಿಗೆ ಮರ್ಯಾದೆಯಾಗಿತ್ತು.

ಒಂದು ಮಧ್ಯಾಹ್ನ ಕಡಲು ಎಣ್ಣೆ ಹೊಯ್ದಂತೆ ಸುಮ್ಮನಿತ್ತು. ಬಡಗಣ ದಿಕ್ಕಿನ ದೋಣಿಗಳವರು ಯಾರದೋ ಮದುವೆಯ ಬಿರಿಯಾನಿಯಲ್ಲಿ ಮಾಂಸ ಕಡಿಮೆಯಿದ್ದದ್ದನ್ನು ವಿಚಾರಣೆ ಮಾಡುತ್ತಿದ್ದರು. ಒಬ್ಬ ಬಿಟ್ಟರೆ ಇನ್ನೊಬ್ಬ. ಅವರ ಮಾತಿನ ಅಡಿಯಲ್ಲಿ ಸುವಕ್ಕಿನ್‌ಗೆ ಇನ್ನೊಂದು ದನಿ ಕೇಳಿತು, ಗೋಡೆಯಾಚೆಯಿಂದ ಬಂದಷ್ಟು ಸಣ್ಣಗೆ. ಸಿಲುವೈಯದು. “ಎಂಜಿನ್” ಎಂದಿತು, “ಹಡಗಿನ ದಾರಿ” ಎಂದಿತು, ಉಳಿದದ್ದೆಲ್ಲ ಬಿರಿಯಾನಿಯಲ್ಲಿ ಮುಚ್ಚಿಹೋಯಿತು. ಸಿಲುವೈ ತೆಂಕಣಕ್ಕಿದ್ದ, ಎಂಜಿನ್ ಕೆಟ್ಟು ಬ್ಯಾಟರಿ ಆರುತ್ತಿತ್ತು. ಬಡಗಣದವರಿಗೆ ಅವನ ದನಿ ಮುಟ್ಟುತ್ತಿರಲಿಲ್ಲ. ನಡುವೆ ನಿಂತ ಸುವಕ್ಕಿನ್‌ಗೆ ಮಾತ್ರ ಎರಡೂ ಕಡೆ ಕೇಳುತ್ತಿತ್ತು.

ಸುಳ್ಳೇಕೆ, ಒಂದು ಗಳಿಗೆ ಅವನಿಗೆ ಸಿಹಿಯೇ ಆಯಿತು. ಮೀನು ಸಾರು ನೆನಪಾಯಿತು. ಆಮೇಲೆ ದೊಡ್ಡ ಹಡಗುಗಳು ನೆನಪಾದವು. ದೋಣಿಯ ಮೇಲೆ ಹಾದುಹೋದರೂ ಅವುಗಳ ಮೇಲಿದ್ದವರಿಗೆ ತಿಳಿಯುವುದಿಲ್ಲ. ಎಲ್ಲಿದ್ದಾನೆಂದು ತಿಳಿಯದೆ ಹುಡುಕಲು ಹೊರಟರೆ ಕತ್ತಲಾಗುತ್ತದೆ. ಬಡಗಣದವರಿಗೆ ಬಾಯಿ ಮುಚ್ಚಿ ಎನ್ನೋಣವೆಂದರೆ, ಬಾಯಿ ಎಂಬ ಮಾತೇ ಬ ಅಕ್ಷರದ್ದು.

ಅವನು ಗುಂಡಿ ಒತ್ತಿದ. ಟಿಕ್. ಬಿಟ್ಟ. ಮತ್ತೆ ಒತ್ತಿದ.

ಬಡಗಣದವರು ಕಾದರು. ಒತ್ತಿ ಬಿಟ್ಟ ಪ್ರತಿ ಸಂದಿನಲ್ಲೂ ಸುವಕ್ಕಿನ್ ಕಿವಿಯನ್ನು ಪೆಟ್ಟಿಗೆಗೆ ಹಚ್ಚಿದ. ಸಿಲುವೈಯ ಸಣ್ಣ ದನಿ ಆ ಸಂದುಗಳಲ್ಲಿ ಒಂದೊಂದು ಅಂಕಿಯಾಗಿ ಬಂತು, ಎಲ್ಲಿದ್ದಾನೆಂಬ ಲೆಕ್ಕ ಪೂರ್ತಿ ಬಂತು. ಪಕ್ಕದಲ್ಲಿ ನಿಂತ ದೋಣಿಯಾಳು ಪೆಲವೇಂದ್ರನ್ ಅದನ್ನು ಬಾಯಲ್ಲೇ ಉರುಹೊಡೆದ. ಕೊನೆಗೆ ಸುವಕ್ಕಿನ್ ಬಾಯಿ ತೆರೆದ. “ಬ… ಬ…” ಬಹಳ ಹೊತ್ತಾಯಿತು. “ಬರ್ತಿದೀನಿ.” ಅವನ ಒಂದು ಮಾತಿಗೆ ಸಿಲುವೈ ಅಷ್ಟು ಕಾದದ್ದು ಹಿಂದೆಂದೂ ಇರಲಿಲ್ಲ.

ಗಾಳದ ಹಗ್ಗವನ್ನು ನೀರ ಮೇಲೆ ತೇಲುವ ಬುರುಡೆಗೆ ಕಟ್ಟಿ ಅಲ್ಲೇ ಬಿಟ್ಟು ಹೋದರು. ಹೊತ್ತು ಮುಳುಗುವ ಮುಂಚೆ ಸಿಲುವೈಯ ದೋಣಿಗೆ ಹಗ್ಗ ಬಿತ್ತು, ಹಡಗಿನ ದಾರಿಯಿಂದ ಅದು ಹೊರಗೆ ಬಂತು.

ಎಳೆದುಕೊಂಡು ಬರುವ ದೋಣಿ ನಿಧಾನ. ಬಡಗಣದವರು ಮೊದಲೇ ದಡ ಸೇರಿದ್ದರು, ಅವರ ದೂರೂ ಸೇರಿತ್ತು: ಅರ್ಧ ಮಧ್ಯಾಹ್ನ ಗುಂಡಿ ಒತ್ತಿದ, ಕೊನೆಗೆ ಆಡಿದ್ದು ಒಂದು ಮಾತು. ಸುವಕ್ಕಿನ್ ನೀರಿಗಿಳಿದು ಮೆಟ್ಟಿಲು ಹತ್ತುವ ಮೊದಲೇ ಕಸ್ಪಾರ್ ಕೈ ಚಾಚಿ ಚುಕ್ಕಾಣಿಕೋಣೆಯ ಬೀಗದ ಕೈ ಕೇಳಿದ. ಸುವಕ್ಕಿನ್ ಕೊಟ್ಟುಬಿಟ್ಟ. ವಿವರಿಸಲು ಎಷ್ಟೊಂದು ಮಾತು ಬೇಕು, ಅದರಲ್ಲಿ ಎಷ್ಟೊಂದು ಪ, ಎಷ್ಟೊಂದು ಬ. ಸಾಕಾಗಿತ್ತು ಅವನಿಗೆ.

ಹಿಂದಿನ ದೋಣಿಯಿಂದ ಸಿಲುವೈ ಸೊಂಟದುದ್ದದ ನೀರಿಗೆ ಧುಮುಕಿ ಬಂದ. “ಕೀ ವಾಪಸ್ ಕೊಡಿ ಅಣ್ಣೇ,” ಎಂದ. “ಅವತ್ತು ಅವನಿಗೆ ಮಾತು ಸಿಕ್ಕಿಕೊಂಡಿರ್ಲಿಲ್ಲ. ಇಡೀ ಕಡಲಿನ ಬಾಯಿ ಮುಚ್ಚಿಸಿ ನನಗೆ ಮಾತಾಡೋಕೆ ಬಿಟ್ಟ.” ಆಮೇಲೆ ನಡೆದದ್ದನ್ನೆಲ್ಲ ಅವನೇ ಹೇಳಿದ. ಹೇಳುತ್ತಾ ಅತ್ತ, ಅಷ್ಟು ಜನರೆದುರಿಗೆ. ಕಸ್ಪಾರ್ ಕೀಯನ್ನು ಸುವಕ್ಕಿನ್‌ನ ಅಂಗೈಯಲ್ಲಿಟ್ಟು, ಅದನ್ನು ತನ್ನ ಕೈಯಿಂದಲೇ ಮಡಿಸಿದ.

ಮುಂದೆ ಸುವಕ್ಕಿನ್ ಕಣ್ಣು ಮಂಜಾಗುವ ತನಕ ಚುಕ್ಕಾಣಿ ಹಿಡಿದಿದ್ದ. ತೊದಲು ಹೋಗಲಿಲ್ಲ, ಸಿಲುವೈಯ ಮೀನು ಸಾರಿನ ಚುಚ್ಚುಮಾತೂ ಹೋಗಲಿಲ್ಲ. ಆದರೆ ಎರಡು ಅಂತೋಣಿಯಾರ್ ದೋಣಿಗಳು ವೈರ್‌ಲೆಸ್ಸಿನಲ್ಲಿ ಡಿಕ್ಕಿ ಹೊಡೆದರೆ, ಎರಡನೇ ಸಲ ಕೀರಲು ಕೇಳುವುದು ನಿಂತುಹೋಯಿತು. ಸುವಕ್ಕಿನ್‌ನ ಮಾತೇ ಮೊದಲು ಬರುತ್ತಿತ್ತು, ತೊದಲುತ್ತ, ತನ್ನ ಹೊತ್ತು ತೆಗೆದುಕೊಂಡು. ಜಪ ಮರೆತುಹೋಯಿತೇನೋ ಎಂದು ಯಾರೋ ಸಿಲುವೈಯನ್ನು ಕೆಣಕಿದರು.

“ಮರೆತಿಲ್ಲ ಮಕ್ಕಾ,” ಎಂದ ಅವನು. “ಈಗ ಎರಡು ಸಲ ಹೇಳ್ತೀನಿ. ಒಂದು ಅಂತೋಣಿಯಾರ್‌ಗೆ, ಒಂದು ಅವನಿಗೆ.”