ಎಂಜಿನ್ ಬಿಚ್ಚುತ್ತಿದ್ದ ಗಂಗಕ್ಕ

ಪಕ್ಕದ ಮನೆಯ ಗಂಗಕ್ಕನ ಒಲೆಯ ಮೇಲಿನ ಪಾತ್ರೆಯ ಮುಚ್ಚಳವನ್ನು ಕೇಳದೆ ತೆಗೆಯುವ ಧೈರ್ಯ ತುರುವೇಕೆರೆಯಲ್ಲಿ ಯಾರಿಗೂ ಇರಲಿಲ್ಲ. ಒಂದು ದಿನ ಅದರಲ್ಲಿ ಹುರುಳಿಕಾಳು ಬೇಯುತ್ತಿದ್ದರೆ, ಇನ್ನೊಂದು ದಿನ ಸೋಪಿನ ಪುಡಿ ಹಾಕಿದ ನೀರಿನಲ್ಲಿ ನಟ್ಟು ಬೋಲ್ಟು ಕುದಿಯುತ್ತಿರುತ್ತಿದ್ದವು. ನನ್ನ ಹೆಂಡತಿ ಸುಮ ಒಮ್ಮೆ ಸಾರಿನ ರುಚಿ ನೋಡಲು ಸೌಟು ಹಾಕಿ ಸ್ಪ್ಯಾನರ್ ಎತ್ತಿದ್ದಳು.

ಗಂಗಕ್ಕನಿಗೆ ಆಗಲೇ ಅರವತ್ತು ದಾಟಿತ್ತು. ಗಂಡ ತಿಪಟೂರು ರಸ್ತೆಯಲ್ಲಿ ಗ್ಯಾರೇಜ್ ಇಟ್ಟಿದ್ದರಂತೆ. ಮಧ್ಯಾಹ್ನ ಊಟದ ಡಬ್ಬಿ ಒಯ್ಯುತ್ತಿದ್ದ ಈಕೆ ಅಲ್ಲೇ ನಿಂತು ನೋಡಿ ನೋಡಿ, ಕೊನೆಗೆ ಗಂಡನ ತಪ್ಪನ್ನೇ ತಿದ್ದುವಷ್ಟು ಕಲಿತಳಂತೆ. ಅವರು ಹೋದ ಮೇಲೆ ಗ್ಯಾರೇಜ್ ಮುಚ್ಚಿತು, ಸ್ಪ್ಯಾನರ್ ಪೆಟ್ಟಿಗೆ ಮನೆಗೆ ಬಂತು. ಬೆಳಿಗ್ಗೆ ತೆಂಗಿನ ತೋಟ, ಆಮೇಲೆ ಬೀದಿಯವರ ಗಾಡಿ. ಕೈಗೆ ಗ್ರೀಸ್ ಹತ್ತಿದರೆ ಕೊಬ್ಬರಿ ಎಣ್ಣೆ ಸವರಿ, ತೆಂಗಿನ ನಾರಿನಲ್ಲಿ ಗಸಗಸ ತಿಕ್ಕುತ್ತಿದ್ದಳು. ಎಂಜಿನ್ನಿನ ಭಾಗಗಳೆಲ್ಲ ಅವಳ ಬಾಯಲ್ಲಿ ಹೆಣ್ಣುಮಕ್ಕಳು. ಬಿಗಿಯಾದ ಬೋಲ್ಟಿಗೆ, "ಹಟ ಮಾಡ್ಬ್ಯಾಡ ಕಣೇ, ಬಾರೇ ಈಚೆಗೆ" ಎಂದು ಪುಸಲಾಯಿಸುವುದನ್ನು ಕೇಳಿದರೆ ನಗು ತಡೆಯಲಾಗುತ್ತಿರಲಿಲ್ಲ.

ನಾನು ಆ ಊರಿನ ಅಳಿಯ. ಎರಡು ಬೀದಿಯಾಚೆ ಮಾವನ ಮನೆ. ಹಾಗಾಗಿ ಗಂಗಕ್ಕನಿಗೆ ನಾನು 'ಅಳಿಯಪ್ಪ'. ಮಾವನಿಗೆ ಒಂದು ಬಿಳಿ ಕಾರಿತ್ತು. ಅದನ್ನು ಅವರು ಮಗಳಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಿದ್ದರು. ಮಗಳನ್ನು ನನಗೆ ಕೊಟ್ಟರು, ಕಾರಿನ ಕೀಲಿ ಮಾತ್ರ ಕೊಟ್ಟಿರಲಿಲ್ಲ. ಒಂದು ವರ್ಷ ಕಾಶಿಗೆ ಹೊರಟಾಗ ವಿಧಿಯಿಲ್ಲದೆ ಕೊಟ್ಟರು. "ದಿನ ಬಿಟ್ಟು ದಿನ ಸ್ಟಾರ್ಟ್ ಮಾಡಿ ಆಫ್ ಮಾಡಿ ಅಳಿಯಂದ್ರೇ. ಎಲ್ಲಿಗೂ ತಗೊಂಡ್ ಹೋಗೋದೇನೂ ಬ್ಯಾಡ" ಎಂದರು.

ಸುಮ್ಮನಿರಲು ನನ್ನಿಂದ ಆಗಬೇಕಲ್ಲ! ಮಾಯಸಂದ್ರದಲ್ಲಿ ಗೆಳೆಯನ ನಿಶ್ಚಿತಾರ್ಥ ಇತ್ತು. ಗತ್ತಾಗಿ ಕಾರಿನಲ್ಲೇ ಹೋದೆ. ವಾಪಸು ಬರುವಾಗ ರೇಡಿಯೇಟರ್ ಪೈಪಿನ ಕ್ಲಿಪ್ಪು ಸಡಿಲವಾಗಿ ನೀರೆಲ್ಲ ಸೋರಿ, ಬಾನೆಟ್ಟಿನಿಂದ ಬುಸ್ ಎಂದು ಹಬೆ ಎದ್ದಿತು. ಪಕ್ಕದ ತೋಟದಲ್ಲಿ ಕಾಯಿ ಕೀಳಿಸುತ್ತಿದ್ದ ಯಜಮಾನರನ್ನು ನೀರು ಕೇಳಿದೆ.

"ಕರೆಂಟಿಲ್ಲ ಸ್ವಾಮಿ, ಬೋರ್ ಓಡ್ತಿಲ್ಲ. ಎಳನೀರು ಬೇಕಾದಷ್ಟೈತೆ. ಮನುಷ್ಯನ್ ಹೊಟ್ಟೆಗೇ ತಂಪಂತೆ, ಇದ್ಕಾಗಾಕಿಲ್ವಾ? ಹುಯ್ರಿ" ಎಂದರು.

ನನಗೂ ಸರಿಯೆನಿಸಿತು. ಎಂಜಿನ್ ಆರಿದ ಮೇಲೆ ಕ್ಲಿಪ್ಪು ಬಿಗಿ ಮಾಡಿ, ಏಳು ಎಳನೀರು ಹುಯ್ದೆ. ಕಾರು ಕುದುರೆಯಂತೆ ಮನೆ ಸೇರಿತು. ಹೆದರಿಕೆಗೆ ಅದನ್ನು ಹದಿನೈದು ದಿನ ಮುಟ್ಟಲೇ ಇಲ್ಲ. ಮಾವ ಭಾನುವಾರ ಬರುವವರಿದ್ದರು. ಗುರುವಾರ ಸ್ಟಾರ್ಟ್ ಮಾಡಿದರೆ, ಹತ್ತು ನಿಮಿಷಕ್ಕೆ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಗಂಗಕ್ಕನ ಬಾಗಿಲಿಗೆ ಓಡಿದೆ.

ಅವಳು ಬಂದವಳೇ ಎಂಜಿನ್ ತಣಿಯುವವರೆಗೆ ಕಾದು, ರೇಡಿಯೇಟರ್ ಮುಚ್ಚಳ ತೆಗೆದು ಮೂಸಿದಳು.

"ಏನ್ ಹುಯ್ದಿದ್ದೆ ಇದ್ಕೆ?"

"ನೀರಕ್ಕ."

"ಯಾವ ನೀರು?"

ನಾನು ನೆಲ ನೋಡುತ್ತಾ ಹೇಳಿದೆ. ಗಂಗಕ್ಕ ಜಗಲಿಯ ಮೇಲೆ ಕುಸಿದು ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. "ಅಯ್ಯೋ ನಿನ್ ಮನೆ ಹಾಳಾಗ! ಸಕ್ಕರೆ ಐತಲ್ಲಪ್ಪ ಅದ್ರಲ್ಲಿ! ಹುಳಿ ಬಂದು, ಅಂಟಾಗಿ, ಥರ್ಮೋಸ್ಟಾಟ್ ಕಚ್ಕೊಂಡ್ ಕುಂತೈತೆ."

"ಅಕ್ಕ, ಮಾವನಿಗೆ ಗೊತ್ತಾದರೆ ನಾನು ಈ ಊರಲ್ಲಿ ತಲೆಯೆತ್ತಿ ತಿರುಗೋ ಹಾಗಿಲ್ಲ. ದಯವಿಟ್ಟು."

"ನಿನ್ ತಲೆ ಆಮ್ಯಾಕೆ ನೋಡಾನ, ಮೊದ್ಲು ಎಂಜಿನ್ ನೋಡಾನ. ಬೆಳಿಗ್ಗೆ ಬತ್ತೀನಿ ಬುಡು."

ಶುಕ್ರವಾರ ಬೆಳಿಗ್ಗೆ ನಮ್ಮ ಅಂಗಳದಲ್ಲೇ ಕೆಲಸ ಶುರುವಾಯಿತು. ರೇಡಿಯೇಟರಿನ ನೀರನ್ನು ಬಾಣಲೆಗೆ ಇಳಿಸಿ, ಮೇಲಿನ ಪೈಪು ಕಿತ್ತು, ಎರಡು ಬೋಲ್ಟ್ ಬಿಚ್ಚಿ, ಒಳಗಿಂದ ಥರ್ಮೋಸ್ಟಾಟ್ ಎಂಬ ಹಿತ್ತಾಳೆ ಬಣ್ಣದ ಪುಟ್ಟ ಬಿಲ್ಲೆಯೊಂದನ್ನು ಎತ್ತಿದಳು.

"ಇವ್ಳು ಬಾಗ್ಲು ಕಾಯೋಳು ಕಣಪ್ಪ. ಎಂಜಿನ್ ಬೆಚ್ಚಗಾಗೋ ತಂಕ ನೀರ್ನ ರೇಡಿಯೇಟರ್‌ಗೆ ಬುಡಾಕಿಲ್ಲ. ಕಾದ್ ಮ್ಯಾಲೆ ಬಾಗ್ಲು ತೆಗೀತಾಳೆ. ಈಗ ತೆಗೀದೆ ಕುಂತವ್ಳೆ."

"ಕಿತ್ತು ಬಿಸಾಕಿದರೆ ಆಗಲ್ವಾ ಅಕ್ಕ? ಎಷ್ಟೋ ಜನ ಹಾಗೇ ಓಡಿಸ್ತಾರಂತೆ."

"ಓಡುಸ್ತಾರೆ. ಎಂಜಿನ್ ಬೆಚ್ಚಗಾಗ್ದೆ ಡೀಸೆಲ್ ಕುಡ್ದು ಕುಡ್ದು ಸವೀತೈತೆ. ಇನ್ನೊಬ್ರ ಗಾಡಿಗೆ ಅಂಥ ಕೆಲ್ಸ ಮಾಡಾಕಿಲ್ಲ ನಾನು."

ಹೊಸದನ್ನು ತರಲು ತಿಪಟೂರಿಗೆ ಕಳಿಸಿದಳು. ತಂದುಕೊಟ್ಟೆ. "ಸೋರ್ದಂಗೆ ಮಧ್ಯಕ್ಕಿಡೋ ಗ್ಯಾಸ್ಕೆಟ್ ಎಲ್ಲಿ?" ಮತ್ತೆ ಹೋದೆ. ಆಮೇಲೆ ಅವಳ ಒಲೆಯ ಮೇಲೆ ಕಾಫಿ ಪಾತ್ರೆಯಲ್ಲಿ ನೀರಿಟ್ಟು, ಹಳೆಯದನ್ನೂ ಹೊಸದನ್ನೂ ದಾರ ಕಟ್ಟಿ ಇಳಿಬಿಟ್ಟಳು. ನೀರು ಕುದಿಯಿತು. ಹಳೆಯದು ಮಿಸುಕಲಿಲ್ಲ. ಹೊಸದು ಮೆಲ್ಲಗೆ ತೆರೆದುಕೊಂಡಿತು. "ಬುಟ್ಲು ನೋಡು ಬಾಯಿ!" ಎಂದು ಗಂಗಕ್ಕ ಚಪ್ಪಾಳೆ ತಟ್ಟಿದಳು. ಸುಮ ಮಾತ್ರ ಒಂದು ವಾರ ಗಂಗಕ್ಕನ ಮನೆಯಲ್ಲಿ ಕಾಫಿ ಕುಡಿಯಲಿಲ್ಲ.

ಕೂರಿಸುವ ಕೆಲಸ ನನ್ನಿಂದಲೇ ಮಾಡಿಸಿದಳು. ಸ್ಪ್ರಿಂಗ್ ಇರುವ ಕಡೆಯನ್ನು ಹೊರಗೆ ಮಾಡಿ ಇಟ್ಟೆ. ಕೈಗೊಂದು ಏಟು ಬಿತ್ತು. "ಸ್ಪ್ರಿಂಗು ಎಂಜಿನ್ ಕಡೀಕೆ. ನೀನ್ಯಾಕಪ್ಪ ಎಲ್ಲಾ ಉಲ್ಟಾ?" ಹುಳಿ ವಾಸನೆ ಹೋಗುವವರೆಗೆ ಬರೀ ನೀರು ಹುಯ್ದು ತೊಳೆದೆವು, ಆಮೇಲೆ ಕೂಲೆಂಟ್ ತುಂಬಿದೆವು. ಸ್ಟಾರ್ಟ್ ಮಾಡಿ, ನನ್ನ ಕೈಯನ್ನು ಮೇಲಿನ ಪೈಪಿನ ಮೇಲಿಟ್ಟಳು. ತಣ್ಣಗಿತ್ತು. ಹಾಗೇ ಇತ್ತು, ಹಾಗೇ ಇತ್ತು. ಇದ್ದಕ್ಕಿದ್ದಂತೆ ಬಿಸಿಯಾಯಿತು. ಮುಳ್ಳು ಮಧ್ಯದಲ್ಲೇ ನಿಂತಿತು. ನನಗೆ ಅಳುವೇ ಬಂತು.

ಭಾನುವಾರ ಮಾವ ಬಂದರು. ಬಾನೆಟ್ ಎತ್ತಿ ನೋಡಿದರು, ಊರೊಂದು ಸುತ್ತು ಹೊಡೆದು ಬಂದರು. "ಚೆನ್ನಾಗಿಟ್ಕೊಂಡಿದ್ದೀರ" ಎಂದರು. ಅಂದಿನಿಂದ ಕೇಳಿದಾಗಲೆಲ್ಲ ಕೀಲಿ ಕೊಡತೊಡಗಿದರು. ಮಾವನಿಗೆ ಟೋಪಿ ಹಾಕಿದೆನೆಂದು ನಾನು ಎಷ್ಟೋ ವರ್ಷ ಒಳಗೊಳಗೇ ಬೀಗಿದೆ.

ಕಳೆದ ಕಾರ್ತಿಕದಲ್ಲಿ ಗಂಗಕ್ಕ ಹೋದಳು. ಎರಡೇ ದಿನದ ಜ್ವರ. ತೋಟದಲ್ಲೇ ಮಣ್ಣು ಮಾಡಿದರು. ವಾಪಸು ಬರುವಾಗ ಕಾರು ನಾನು ಓಡಿಸುತ್ತಿದ್ದೆ, ಮಾವ ಪಕ್ಕದಲ್ಲಿದ್ದರು. ಅವರೇ ಮಾತು ತೆಗೆದರು.

"ನಾನು ಕಾಶೀಲಿದ್ದಾಗ ಫೋನ್ ಮಾಡಿದ್ಲು ಕಣ್ರೀ ಗಂಗಮ್ಮ. 'ಅಣ್ಣಾ, ನಿನ್ ಅಳಿಯ ರೇಡಿಯೇಟರ್‌ಗೆ ಎಳನೀರು ಹುಯ್ದವ್ನೆ. ನಿನ್ನ ಕೇಳ್ದೆ ಎಂಜಿನ್ ಬಿಚ್ಚಾಕಿಲ್ಲ, ಬಿಚ್ಲಾ?' ಅಂದ್ಲು. ಬಿಚ್ಚು ಅಂದೆ. 'ಹಂಗಾದ್ರೆ ನಿಂಗೇನೂ ಗೊತ್ತಿಲ್ಲ. ಹುಡುಗ ನಡುಗ್ತಾವ್ನೆ. ಒಂದ್ ಮಾತು ಆಡಿದ್ರೆ ಇನ್ಮ್ಯಾಕೆ ನಿನ್ ಕಾರು ಮುಟ್ಟಾಕಿಲ್ಲ' ಅಂತ ಆಣೆ ಹಾಕುಸ್ಕೊಂಡ್ಲು."

ನನಗೆ ಮುಂದಿನ ರಸ್ತೆ ಮಸುಕಾಯಿತು. ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. "ಇಷ್ಟು ವರ್ಷ ಯಾಕೆ ಹೇಳಲಿಲ್ಲ ಮಾವ?" ಎಂದೆ.

"ಅವ್ಳು ಇರೋ ತಂಕ ಹೆಂಗ್ ಹೇಳ್ಲಿ?" ಎಂದು ಮಾವ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.