ಗರಾಫಾದ ಬಯಲಿನಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್

ದೋಹಾದಲ್ಲಿ ನನಗೆ ಅತಿ ಬೇಸರದ ದಿನವೆಂದರೆ ರಜೆಯ ದಿನ. ಶುಕ್ರವಾರ ಬಂತೆಂದರೆ ಕಚೇರಿ ಇಲ್ಲ, ಡ್ರಾಯಿಂಗ್ ಬೋರ್ಡ್ ಇಲ್ಲ, ಬೈಯುವವರು ಕೂಡ ಇಲ್ಲ. ಅಲ್ ಮನ್ಸೂರಾದ ಬಾಡಿಗೆ ಕೋಣೆಯಲ್ಲಿ ಬಟ್ಟೆ ಒಗೆದು, ಅನ್ನ ಸಾರು ಮಾಡಿ, ಉಂಡು, ಮಲಗಿ, ಎದ್ದು ನೋಡಿದರೂ ಹೊತ್ತು ಅಲ್ಲೇ ಕೂತಿರುತ್ತಿತ್ತು. ಜನ ಇರಲಿಲ್ಲವೆಂದಲ್ಲ. ಕೆಳಗಿನ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಅಷ್ಟು ಜನರಲ್ಲಿ ನನಗಾಗಿ ಕಾಯುವವರು ಒಬ್ಬರೂ ಇರಲಿಲ್ಲ, ಅದೇ ನನ್ನ ಸಂಕಟ.

ಅದು ತೊಂಬತ್ತರ ದಶಕದ ನಡುಭಾಗ. ಗ್ಯಾಸ್ ಯೋಜನೆಯೊಂದರಲ್ಲಿ ಪೈಪುಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ನಾನು. ಹೆಂಡತಿ, ಮಗಳು ಗದಗಿನಲ್ಲಿ. ನನ್ನ ದರ್ಜೆಯವರಿಗೆ ಕುಟುಂಬದ ವೀಸಾ ಕೊಡುತ್ತಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಊರು. ಕೋಣೆಯಲ್ಲಿ ನನ್ನ ಜೊತೆಗಿದ್ದವರು ಬಿಜಾಪುರದ ಕಡೆಯ ವೆಲ್ಡಿಂಗ್ ಫೋರ್‌ಮನ್. ಒಳ್ಳೆಯ ಮನುಷ್ಯ, ಆದರೆ ಶುಕ್ರವಾರ ಅವರ ಗೊರಕೆಯ ಜೊತೆ ಮಾತಾಡಬೇಕಿತ್ತೇ ಹೊರತು ಅವರ ಜೊತೆ ಅಲ್ಲ.

ಆ ಶುಕ್ರವಾರಗಳನ್ನು ಬದಲಿಸಿದವರು ನಮ್ಮ ಕಚೇರಿಯ ಅಮೆರಿಕನ್ ಎಂಜಿನಿಯರ್. ವಯಸ್ಸು ನಲವತ್ತೈದರ ಆಸುಪಾಸು, ಬಾಗಿಲು ತುಂಬುವ ಮೈಕಟ್ಟು. ಮೇಲಿನ ಕಪಾಟಿನಿಂದ ಫೈಲು ತೆಗೆಯುವಾಗ ಮಾತ್ರ ಬಲಗೈ ಎತ್ತದೆ ಎಡಗೈ ಎತ್ತುತ್ತಿದ್ದರು. ಒಂದು ದಿನ ಕಚೇರಿಯ ಆ ತುದಿಯಿಂದ ಸುತ್ತಿದ ನಕ್ಷೆಯೊಂದನ್ನು ನನ್ನ ಕಡೆ ಎಸೆದರು. ಗದಗಿನ ಕಾಲೇಜಿನಲ್ಲಿ ನಾನು ವಿಕೆಟ್‌ಕೀಪರ್ ಆಗಿದ್ದವನು. ಬಲಗೈಯ ಚಹಾ ಚೆಲ್ಲದಂತೆ ಎಡಗೈಯಲ್ಲಿ ಹಿಡಿದೆ. ಅವರು ನನ್ನನ್ನು ಮೊದಲ ಸಲ ನೋಡಿದವರಂತೆ ನೋಡಿದರು.

"ಶುಕ್ರವಾರ ಏನು ಮಾಡುತ್ತೀಯ?" ಎಂದು ಕೇಳಿದರು.

"ಬಟ್ಟೆ ಒಗೆಯುತ್ತೇನೆ ಸರ್."

"ಆಮೇಲೆ?"

"ಒಣಗಲು ಹಾಕುತ್ತೇನೆ ಸರ್."

ಆ ಶುಕ್ರವಾರ ಬಿಸಿಲು ಇಳಿದ ಮೇಲೆ ಅವರ ಜೀಪು ನಮ್ಮ ಬೀದಿಗೆ ಬಂದು ನಿಂತಿತು.

ಅವರ ಮನೆ ಅಲ್ ಗರಾಫಾದಲ್ಲಿ. ಆಗ ಅಲ್ಲಿ ಇಷ್ಟು ಮನೆಗಳಿರಲಿಲ್ಲ. ಅವರ ವಿಲ್ಲಾದ ಹಿಂದೆ ಗೋಡೆ ದಾಟಿದರೆ ಬರೀ ಜಲ್ಲಿ ಮತ್ತು ಮಣ್ಣಿನ ಬಯಲು. ಜೀಪಿನ ಹಿಂದಿನ ಸೀಟಿನಿಂದ ಅವರು ಒಂದು ಚೆಂಡು ತೆಗೆದರು. ಫುಟ್‌ಬಾಲ್ ಎಂದರೆ ಕಾಲಲ್ಲಿ ಒದೆಯುವುದು ಎಂದುಕೊಂಡಿದ್ದವನು ನಾನು. ಅವರದು ಕೈಯಲ್ಲಿ ಎಸೆದು, ಎದೆಗೆ ಅವಚಿಕೊಂಡು ಓಡುವ ಅಮೆರಿಕದ ಫುಟ್‌ಬಾಲ್. ಚೆಂಡು ದುಂಡಗೂ ಇಲ್ಲ, ಸುಲಿಯದ ತೆಂಗಿನಕಾಯಿಯ ಹಾಗೆ ಉದ್ದ. ಆ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬನಿರುತ್ತಾನಂತೆ. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಎದುರಾಳಿಗಳು ಮೈಮೇಲೆ ಬೀಳುವ ಮೊದಲು ಯಾರಿಗೆ, ಎಲ್ಲಿಗೆ ಎಸೆಯಬೇಕೆಂದು ಅವನೇ ತೀರ್ಮಾನಿಸಬೇಕು. ಇವರು ತಮ್ಮ ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಆಗಿದ್ದವರು.

ಮೊದಲ ದಿನ ನಾನು ಮಾಡಿದ್ದು ಕ್ರಿಕೆಟ್ ಆಡಿದವರೆಲ್ಲ ಮಾಡುವ ತಪ್ಪು. ಚೆಂಡನ್ನೇ ನೋಡುತ್ತಾ ಓಡಿದೆ. ಚೆಂಡು ಕೈ ಬಿಡುವುದನ್ನು ಕಂಡ ಮೇಲೆಯೇ ನನ್ನ ಕಾಲು ಎದ್ದದ್ದು. ಅದು ಎಲ್ಲೋ ಬಿತ್ತು, ನಾನು ಎಲ್ಲೋ ಇದ್ದೆ.

"ನನ್ನನ್ನು ನೋಡಬೇಡ, ಚೆಂಡನ್ನೂ ನೋಡಬೇಡ," ಎಂದರು. "ಆ ಕಲ್ಲಿನವರೆಗೆ ಓಡು, ತಿರುಗು, ಕೈ ಚಾಚು. ಚೆಂಡು ಅಲ್ಲಿರುತ್ತದೆ."

"ಇಲ್ಲದಿದ್ದರೆ?"

"ಅದು ನನ್ನ ತಲೆನೋವು. ನೀನು ಅಲ್ಲಿಗೆ ಮುಟ್ಟಿದ ಮೇಲೆ ಎಸೆದರೆ ತಡವಾಗಿರುತ್ತದೆ. ನೀನು ಇನ್ನೂ ಮುಟ್ಟದ ಜಾಗಕ್ಕೆ ನಾನು ಎಸೆಯಬೇಕು. ಯಲ್ಲಾ, ಹೊರಡು!"

ಓಡಿದೆ, ತಿರುಗಿದೆ. ಕೈ ಚಾಚುವ ಮೊದಲೇ ಚೆಂಡು ಎದೆಗೆ ಬಡಿದು ಉಸಿರು ಸಿಕ್ಕಿಕೊಂಡಿತು. ಅವರು ಬಿದ್ದು ಬಿದ್ದು ನಕ್ಕರು. ಆ ಸಂಜೆ ಊದಿದ ಕಿರುಬೆರಳಿಗೆ ಅರಿಶಿನ ಹಚ್ಚಿಕೊಳ್ಳುತ್ತಾ ಕೂತಿದ್ದಾಗ ಫೋರ್‌ಮನ್ ಎದ್ದು ಕೂತು ನೋಡಿದರು.

"ಏನ್ರೀ ಸರ, ಮಕ್ಕಳು ಮರಿ ಇದ್ದಾವ್ರು, ಈ ವಯಸ್ಸಿನ್ಯಾಗ ಗೋರಾನ ಕೂಡ ಚೆಂಡಾಟ ಹಚ್ಚೀರಲ್ಲ? ಅದರ ಚೆಂಡರ ನೆಟ್ಟಗ ಐತೇನು? ಕಾಯಿ ಐತದು, ಕಾಯಿ. ಒಡದು ಚಟ್ನಿ ಮಾಡ್ರಿ!"

ಆದರೂ ಮುಂದಿನ ಶುಕ್ರವಾರ ಹೋದೆ, ಅದರ ಮುಂದಿನದೂ ಹೋದೆ. ಕ್ರಮೇಣ ನನಗೆ ನೋಡದೆ ಓಡುವುದು ಅಭ್ಯಾಸವಾಯಿತು. ತಿರುಗಿದ ಕ್ಷಣಕ್ಕೆ ಸರಿಯಾಗಿ ಚೆಂಡು ಕೈಗೆ ಬಂದು ಕೂರುತ್ತಿತ್ತು. ಅದರಲ್ಲಿ ಎಂಥ ಸುಖವಿತ್ತೆಂದು ಈಗ ಯಾರಿಗಾದರೂ ಹೇಳಿದರೆ ನಕ್ಕಾರು. ನಾನು ಎಲ್ಲಿಗೆ ಹೋಗಿ ಮುಟ್ಟುತ್ತೇನೆಂದು ಮೊದಲೇ ಲೆಕ್ಕ ಹಾಕಿ, ನನ್ನನ್ನು ನಂಬಿ, ಆ ಜಾಗಕ್ಕೆ ಏನನ್ನೋ ಕಳಿಸುವ ಒಬ್ಬ ಮನುಷ್ಯ ಆ ದೇಶದಲ್ಲಿದ್ದ. ಅಷ್ಟರಿಂದಲೇ ನನಗೆ ಒಂದು ವಾರ ಕಳೆಯುತ್ತಿತ್ತು.

ಊರಿಗೆ ಹೊರಟವರ ಕೈಯಲ್ಲಿ ಆ ಸಲ ಮಗಳಿಗೊಂದು ಫ್ರಾಕು ಕಳಿಸಿದ್ದೆ. ಅದು ಅವಳ ತಲೆಯಿಂದ ಕೆಳಗೆ ಇಳಿಯಲೇ ಇಲ್ಲವೆಂದು ಹೆಂಡತಿ ಫೋನಿನಲ್ಲಿ ಹೇಳಿದಳು. "ಹೋಗುವಾಗ ನೋಡಿದ ಅಳತೀಗೆ ತಂದೀರಿ. ಅಕಿ ಅಷ್ಟ ಇರ್ತಾಳೇನು?" ಅವಳ ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಇದನ್ನು ಎಂಜಿನಿಯರರಿಗೆ ಹೇಳಿದಾಗ ಅವರು ನಗಲಿಲ್ಲ.

ಆಟ ಮುಗಿದ ಮೇಲೆ ಜೀಪಿಗೆ ಒರಗಿ ತಣ್ಣಗಿನ ಲಬಾನ್ ಮಜ್ಜಿಗೆ ಕುಡಿಯುತ್ತಾ ಅವರು ತಮ್ಮ ಕಥೆ ಹೇಳುತ್ತಿದ್ದರು. ಚಿಕ್ಕ ಊರಿನ ಹುಡುಗ, ಆಟದಿಂದಲೇ ಕಾಲೇಜಿನ ಸೀಟು ಸಿಕ್ಕವರು. ಮೊದಲೆರಡು ವರ್ಷ ಅಂಕಣದ ಹೊರಗೆ ನಿಂತು ಬೇರೆಯವನು ಎಸೆಯುವುದನ್ನು ನೋಡಿದ್ದೇ ನೋಡಿದ್ದು. ಮೂರನೆಯ ವರ್ಷ ಆ ಬೇರೆಯವನ ಪಾದ ಮುರಿಯಿತು, ಇವರು ಒಳಗೆ ಹೋದರು. ಆ ಒಂದು ಋತುವಿನಲ್ಲಿ ಊರಿಗೆ ಊರೇ ಇವರ ಹೆಸರು ಕೂಗಿತಂತೆ. ಕ್ಷೌರದಂಗಡಿಗೆ ಹೋದರೆ ಸರದಿಯಲ್ಲಿದ್ದವರು ಎದ್ದು ಜಾಗ ಬಿಡುತ್ತಿದ್ದರಂತೆ. ನಾಲ್ಕನೆಯ ವರ್ಷ ಎದುರಾಳಿ ತಂಡದ ದಢೂತಿ ಆಟಗಾರನೊಬ್ಬ ಇವರ ಮೇಲೆ ಬಿದ್ದ, ಬಲಭುಜದ ಕೀಲು ಜಾರಿತು. ಭುಜ ಸರಿಹೋಗುವಷ್ಟರಲ್ಲಿ ಇನ್ನೊಬ್ಬ ಹುಡುಗ ಬಂದಿದ್ದ. ಇವರು ಮತ್ತೆ ಹೊರಗೆ ನಿಂತರು. ಮುಂದೆ ದೊಡ್ಡ ತಂಡಗಳು ಯಾವುವೂ ಇವರನ್ನು ಕರೆಯಲಿಲ್ಲ.

"ಅಷ್ಟೇ. ಖಲಾಸ್," ಎಂದು ಲಬಾನಿನ ಪ್ಯಾಕೆಟ್ ಮಡಚಿ ಜೇಬಿಗೆ ಹಾಕಿಕೊಂಡರು.

ಕೀಲು ಜಾರಿದ ಭುಜಕ್ಕೆ ಈಗೇಕೆ ಈ ಕಷ್ಟ ಎಂದು ನಾನು ಕೇಳಿದ್ದು ಚಳಿ ಶುರುವಾದ ಮೇಲೆ. ಆಗ ಮಗನ ವಿಷಯ ಹೊರಗೆ ಬಂತು. ಗಂಡ ಹೆಂಡತಿ ಬೇರೆಯಾದಾಗ ಹುಡುಗ ಇನ್ನೂ ಚಿಕ್ಕವನು, ತಾಯಿಯ ಹತ್ತಿರ ಉಳಿದ. ಇವರು ಎಣ್ಣೆ ಸಿಕ್ಕ ದೇಶಗಳನ್ನೆಲ್ಲ ಸುತ್ತಿದರು. ಈಗ ಹುಡುಗ ಕಾಲೇಜಿನಲ್ಲಿದ್ದಾನೆ, ಅದೇ ಆಟ ಆಡುತ್ತಾನೆ. ಎಸೆಯುವವನಲ್ಲ, ಓಡಿ ಹಿಡಿಯುವವನು. ಕ್ರಿಸ್ಮಸ್ ರಜೆಗೆ ದೋಹಾಕ್ಕೆ ಬರಲು ಒಪ್ಪಿದ್ದಾನೆ. ಇಷ್ಟು ವರ್ಷಗಳಲ್ಲಿ ಇದೇ ಮೊದಲು.

"ಅವನ ಜೊತೆ ಏನು ಮಾತಾಡಬೇಕೋ ನನಗೆ ತಿಳಿಯದು," ಎಂದರು. "ಆದರೆ ನಾನು ಎಸೆದು ಅವನು ಹಿಡಿದರೆ ಮಾತು ಬೇಕಾಗುವುದಿಲ್ಲ. ಅದೊಂದಾದರೂ ಸರಿಯಾಗಬೇಕು. ಅದಕ್ಕೇ ನಿನ್ನನ್ನು ಓಡಿಸುತ್ತಿದ್ದೇನೆ."

ಅಂದಿನಿಂದ ನಾನು ಇನ್ನೂ ನಿಷ್ಠೆಯಿಂದ ಓಡಿದೆ. ಅದು ನನ್ನದೇ ಮನೆಯ ಕೆಲಸ ಎಂಬಂತೆ ಅನಿಸತೊಡಗಿತ್ತು. ಹೊಟ್ಟೆ ಕುಲುಕಿಸಿಕೊಂಡು ಆ ಕಲ್ಲಿನವರೆಗೆ ಓಡಿ ತಿರುಗುವುದು, ಚೆಂಡು ಬಂದು ಕೈಗೆ ಕೂರುವುದು. ಮಗ ಬರುವ ಹೊತ್ತಿಗೆ ಅವರ ಎಸೆತ ತಪ್ಪುವುದೇ ನಿಂತುಹೋಗಿತ್ತು.

ಮಗ ಬಂದ ವಾರದ ಶುಕ್ರವಾರ ನನಗೂ ಕರೆ ಬಂತು. ಹುಡುಗ ತೆಳ್ಳಗೆ, ಉದ್ದಕ್ಕೆ, ವಿನಯವಾಗಿದ್ದ. ತಂದೆ ಮಗ ಇಬ್ಬರೂ ಹವೆಯ ಬಗ್ಗೆ, ವಿಮಾನದ ಬಗ್ಗೆ, ಮತ್ತೆ ಹವೆಯ ಬಗ್ಗೆ ಮಾತಾಡುತ್ತಿದ್ದರು. ಜೀಪಿನಲ್ಲಿ ನಾನೂ ಇದ್ದದ್ದು ಇಬ್ಬರಿಗೂ ಒಂದು ಆಸರೆಯಾಗಿತ್ತೆಂದು ಕಾಣುತ್ತದೆ.

ಬಯಲಿಗೆ ಇಳಿದ ಕೂಡಲೇ ಅವರು ಚೆಂಡು ಕೈಗೆತ್ತಿಕೊಂಡು ಆ ಕಲ್ಲು ತೋರಿಸಿದರು. ಹುಡುಗ ಓಡಿದ. ಅಂಥ ಓಟವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ, ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ. ಅವನು ಕಲ್ಲಿನ ಬಳಿ ತಿರುಗಿ ಕೈ ಚಾಚಿ ನಿಂತಾಗ ಚೆಂಡು ಇನ್ನೂ ಅವರ ಕೈಯಲ್ಲೇ ಇತ್ತು. ಎರಡನೆಯ ಸಲ ಅವನು ಕಲ್ಲು ದಾಟಿ ಓಡಿದ, ಚೆಂಡು ಅವನ ಬೆನ್ನ ಹಿಂದೆ ಬಿತ್ತು. ಮತ್ತೊಮ್ಮೆ, ಮತ್ತೂ ಹಿಂದೆ. ಅವರು ಜೋರು ಹಾಕಿ ಎಸೆದರೆ ಅದು ಅಡ್ಡ ಹೋಗಿ ಗೋಡೆಗೆ ಬಡಿಯಿತು. ಹುಡುಗ ಪ್ರತಿ ಸಲವೂ "ಪರವಾಗಿಲ್ಲ ಡ್ಯಾಡ್" ಎನ್ನುತ್ತಾ ಚೆಂಡು ತಂದುಕೊಡುತ್ತಿದ್ದ. ಆ ಪರವಾಗಿಲ್ಲ ಕೇಳಿದಷ್ಟೂ ತಂದೆಯ ಮುಖ ಸಣ್ಣದಾಗುತ್ತಿತ್ತು.

ನನಗೆ ಅರ್ಥವಾಯಿತು. ಅಷ್ಟು ವಾರ ಅವರ ತೋಳು ಕಲಿತದ್ದು ಮಗನ ಕಾಲನ್ನಲ್ಲ, ನನ್ನ ಕಾಲನ್ನು. ಗದಗಿನ ಬೊಜ್ಜು ಹೊಟ್ಟೆಯ ಡ್ರಾಫ್ಟ್ಸ್‌ಮನ್ ಒಬ್ಬ ಎಷ್ಟು ಹೊತ್ತಿಗೆ ಎಲ್ಲಿಗೆ ಮುಟ್ಟುತ್ತಾನೆಂದು ಜಗತ್ತಿನಲ್ಲಿ ಅವರಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ.

ಭುಜ ಒತ್ತಿಕೊಳ್ಳುತ್ತಾ ಅವರು ನನ್ನ ಕಡೆ ತಿರುಗಿದರು. "ನೀನೊಮ್ಮೆ ಓಡು."

ಓಡಬಾರದಿತ್ತು ಎಂದು ಈಗ ಅನಿಸುತ್ತದೆ, ಆದರೆ ಕಾಲು ಹೊರಟೇಬಿಟ್ಟಿತು. ಕಲ್ಲಿನ ಬಳಿ ತಿರುಗಿದೆ. ಚೆಂಡು ತೊಟ್ಟಿಲಿಗೆ ಮಗು ಹಾಕಿದಷ್ಟು ಮೆತ್ತಗೆ ಕೈಗೆ ಬಂತು. ಇನ್ನೊಬ್ಬರ ತಟ್ಟೆಯ ಊಟ ಉಂಡವನಂತೆ ಚೆಂಡು ಹಿಡಿದು ನಿಂತೆ. ಹುಡುಗ ನನ್ನ ಮುಖ ನೋಡಲಿಲ್ಲ, ನನ್ನ ಚಪ್ಪಟೆ ಬೂಟುಗಳನ್ನು ನೋಡುತ್ತಿದ್ದ.

"ಇನ್ನೊಂದು ಸಲ ಎಸೆಯಿರಿ ಡ್ಯಾಡ್," ಎಂದ.

ಈ ಸಲ ಅವನ ಹೆಜ್ಜೆ ಗಿಡ್ಡವಾಯಿತು. ಮೈಯೆಲ್ಲ ಓಡುತ್ತಿರುವಂತೆ ತೋರುತ್ತಿತ್ತು, ಕಾಲು ಮಾತ್ರ ನನ್ನದು. ಅವನು ಕಲ್ಲಿನ ಬಳಿ ತಿರುಗಿದ, ಚೆಂಡು ನೇರ ಅವನ ಎರಡು ಕೈಗಳ ನಡುವೆ ಬಂದು ಕೂತಿತು. ತಂದೆ ಎರಡೂ ತೋಳು ಮೇಲೆತ್ತಿ ಕೂಗಿದರು. ಬಲ ತೋಳು ಪೂರಾ ಮೇಲೇರಿದ್ದನ್ನು ನಾನು ಅಂದೇ ನೋಡಿದ್ದು. ಆಮೇಲೆ ಒಂದೂ ತಪ್ಪಲಿಲ್ಲ. ಇಬ್ಬರೂ ನಗುತ್ತಿದ್ದರು, ಒಬ್ಬರನ್ನೊಬ್ಬರು ಛೇಡಿಸುತ್ತಿದ್ದರು. ನಾನು ಸ್ವಲ್ಪ ಹೊತ್ತು ನಿಂತು, ದೊಡ್ಡ ರಸ್ತೆಗೆ ನಡೆದು, ಟ್ಯಾಕ್ಸಿ ಹಿಡಿದು ಕೋಣೆಗೆ ಬಂದೆ. ನಾನು ಹೊರಟದ್ದು ಅವರಿಗೆ ಗೊತ್ತಾಗಲಿಲ್ಲ. ಸಂತೋಷವಾಗಿತ್ತು, ಜೊತೆಗೆ ಅಳುವೂ ಬರುತ್ತಿತ್ತು.

"ಯಾಕ್ರೀ, ಇವತ್ತು ಲಗೂನ ಬಂದ್ರಿ?" ಎಂದರು ಫೋರ್‌ಮನ್.

"ಅವರ ಮಗಾ ಬಂದಾನ್ರಿ."

"ಹಂಗಾರ ನಿಮ್ಮ ನೌಕ್ರಿ ಹೋತು," ಎಂದು ನಕ್ಕು, ನನ್ನ ಮುಖ ನೋಡಿ, ನನ್ನ ಪಾಲಿನ ಅನ್ನ ಬಿಸಿ ಮಾಡಲು ಎದ್ದರು.

ಹೊಸ ವರ್ಷಕ್ಕೆ ಮೊದಲೇ ಹುಡುಗ ಹೋದ. ಮುಂದಿನ ಶುಕ್ರವಾರ ಜೀಪು ಮತ್ತೆ ನಮ್ಮ ಬೀದಿಗೆ ಬಂತು. ಬಯಲು ಮುಟ್ಟಿದ ಮೇಲೆ ಅವರು ಚೆಂಡು ಕೈಗೆತ್ತಿಕೊಂಡರು.

"ಆ ದಿನ ಅವನು ಬೇಕೆಂದೇ ನಿಧಾನಕ್ಕೆ ಓಡಿದ," ಎಂದರು.

"ನಾನು ಗಮನಿಸಲಿಲ್ಲ ಸರ್."

"ನೀನು ಗಮನಿಸಿದೆ. ನಾನೂ ಗಮನಿಸಿದೆ. ಓಡುವವರ ಕಾಲು ನೋಡುವುದೇ ನನ್ನ ಕೆಲಸವಾಗಿತ್ತಲ್ಲ."

"ಮತ್ತೆ ಅವನಿಗೆ ಹೇಳಲಿಲ್ಲವೇ?"

"ಹೇಳಿದ್ದರೆ ಜೋರಾಗಿ ಓಡುತ್ತಿದ್ದ. ಆಮೇಲೆ ನಾವಿಬ್ಬರೂ ಕೂತು ಮಾತಾಡಬೇಕಾಗುತ್ತಿತ್ತು." ಚೆಂಡನ್ನು ಅಂಗೈಯಲ್ಲಿ ತಿರುಗಿಸಿ ನೋಡಿಕೊಂಡರು. "ಓಡು. ಯಲ್ಲಾ."

ನಾನು ನನ್ನ ಓಟ ಓಡಿದೆ. ಕಲ್ಲಿನ ಬಳಿ ತಿರುಗಿದೆ, ಕೈ ಚಾಚಿದೆ. ಚೆಂಡು ನನ್ನ ತಲೆಯ ಮೇಲಿಂದ ಹಾದು ಬಹಳ ದೂರ ಹೋಗಿ ಬಿತ್ತು. ಅಷ್ಟು ದೂರ ಅವರು ಎಸೆದದ್ದನ್ನು ನಾನು ನೋಡಿರಲಿಲ್ಲ.

"ಉದ್ದವಾಯಿತು ಸರ್," ಎಂದು ಕೂಗಿದೆ.

"ಇಲ್ಲ. ಇನ್ನೊಮ್ಮೆ."

ಇದ್ದಬದ್ದ ಶಕ್ತಿಯೆಲ್ಲ ಹಾಕಿ ಓಡಿದೆ. ಮತ್ತೆ ಅಷ್ಟೇ ದೂರ. ಆ ಎಸೆತ ನನ್ನ ಕಾಲಿಗಲ್ಲ, ಮಗನ ಕಾಲಿಗೆ ಎಂದು ಮೂರನೆಯ ಸಲ ನನಗೆ ತಿಳಿಯಿತು, ಅರ್ಧ ದಾರಿಯಲ್ಲೇ ನಿಂತುಬಿಟ್ಟೆ. ನಾನು ನಿಂತದ್ದನ್ನು ಅವರು ಗಮನಿಸಲೇ ಇಲ್ಲ. ಎಡಗೈಯಿಂದ ಭುಜ ಹಿಡಿದುಕೊಂಡು, ಕಲ್ಲಿನಿಂದ ಎಷ್ಟೋ ಆಚೆ, ಬರೀ ನೆಲದ ಮೇಲೆ ಚೆಂಡು ಬೀಳುವುದನ್ನೇ ನೋಡುತ್ತಿದ್ದರು.

"ಈಗ ಸರಿಯಾಯಿತು," ಎಂದರು.

ನಾನು ಅಲ್ಲಿಯವರೆಗೆ ನಡೆದುಹೋಗಿ ಚೆಂಡು ತಂದುಕೊಟ್ಟೆ.